ಹಲಗೆ ಅಳೆದದ್ದು ಸಾಕು, ಬೋಗಿ ಅಳೆಯಿರಿ

ಪ್ರಶ್ನೆ: ಮನೆಯಲ್ಲಿ ಮಾದರಿ ರೈಲು ಓಡಿಸಲು ಎಂಟಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ತಂದಿದ್ದೇನೆ. ಎಚ್‌ಓ ಸ್ಕೇಲಿನ (ನಿಜವಾದದ್ದರ 87ನೇ ಒಂದು ಪಾಲು ಅಳತೆಯ) ಎಂಜಿನ್, ಈಗಿನ ಉದ್ದನೆಯ ಎಲ್‌ಎಚ್‌ಬಿ ಮಾದರಿಯ ಆರು ಬೋಗಿ ಇವೆ. ಕಾರವಾರದ ಸುರಂಗ, ಶರಾವತಿ ಸೇತುವೆ, ಹೊನ್ನಾವರ ನಿಲ್ದಾಣ ಮೂರೂ ಬರಬೇಕು, ಒಂದು ಹಳಿ ಇನ್ನೊಂದರ ಮೇಲೆ ಹಾಯಬೇಕು. ಪ್ಲಾನ್ ಹೇಗೆ ಹಾಕಲಿ?
– ಕುಮಟಾದ ಓದುಗರು

ಉತ್ತರ: ಈ ಪ್ರಶ್ನೆ ಊರು ಬದಲಿಸಿಕೊಂಡು ಬರುತ್ತಲೇ ಇದೆ. ಎಲ್ಲರೂ ಹಲಗೆ ಅಳೆಯುತ್ತಾರೆ, ಬೋಗಿ ಅಳೆಯುವವರಿಲ್ಲ. ನಿಜವಾದ ಎಲ್‌ಎಚ್‌ಬಿ ಬೋಗಿ ಸುಮಾರು 23.5 ಮೀಟರ್, 1:87ರಲ್ಲಿ 27 ಸೆಂ.ಮೀ. ತಿರುವಿನ ತ್ರಿಜ್ಯ ಅದರ ಮೂರು ಪಟ್ಟು, ಅಂದರೆ 80 ಸೆಂ.ಮೀ. ಇದ್ದರೆ ಗಾಡಿ ಚಂದ ಕಾಣುತ್ತದೆ. ನಾಲ್ಕಡಿ ಹಲಗೆಯಲ್ಲಿ ಅಂಚು ಬಿಟ್ಟರೆ ಸಿಗುವುದು 55. ಬೋಗಿ ತಿರುಗೀತು, ಆದರೆ ಹೊಟ್ಟೆ ಹಳಿಯ ಒಳಕ್ಕೆ, ಮೂಲೆಗಳು ಹೊರಕ್ಕೆ ಚಾಚಿ, ಎರಡು ಬೋಗಿಗಳ ನಡುವಿನ ಸಂದು ಬಾಯಿ ತೆರೆಯುತ್ತದೆ. ಎಂಜಿನ್ ಸೇರಿ ನಿಮ್ಮ ಗಾಡಿ 1.85 ಮೀಟರ್. ಎರಡು ತುದಿಯ ತಿರುವು ಕಳೆದರೆ ಉಳಿಯುವ ನೇರ ಹಳಿ 1.2 ಮೀಟರ್. ಗಾಡಿ ನಿಲ್ಲಿಸುವುದೆಲ್ಲಿ?

ಇನ್ನು ಹಳಿಯ ಮೇಲೆ ಹಳಿ. ಅದಕ್ಕೆ ಏಳೂವರೆ ಸೆಂ.ಮೀ. ಎತ್ತರ ಬೇಕು. 50ಕ್ಕೆ 1ರ ಏರಿನಲ್ಲಿ ಬರೀ ಹತ್ತುವುದಕ್ಕೇ 3.75 ಮೀಟರ್ ಹೋಯಿತು, ಇಳಿಯಲು ಮತ್ತಷ್ಟು. ಕೊಂಕಣ ಮಾರ್ಗವನ್ನು 150ಕ್ಕೆ 1ಕ್ಕಿಂತ ಕಡಿದಾದ ಏರಿಲ್ಲದಂತೆ ಕಟ್ಟಿದ್ದಾರೆ. ಅಷ್ಟು ಸುರಂಗ, ಅಷ್ಟು ಸೇತುವೆ ಬೇಕಾದದ್ದು ಅದಕ್ಕೇ. ಶರಾವತಿ ಸೇತುವೆ ಎರಡು ಕಿ.ಮೀ. ಮೀರುತ್ತದೆ, ಎಚ್‌ಓದಲ್ಲಿ 23 ಮೀಟರಿಗೂ ಹೆಚ್ಚು. ನಿಮ್ಮ ಮನೆಯ ಅಂಗಳವೂ ಸಾಲದು.

ಹಲಗೆಯನ್ನು ಉದ್ದಕ್ಕೆ ಸೀಳಿಸಿ. ಎರಡಡಿ ಅಗಲದ ಎರಡು ಪಟ್ಟಿಗಳನ್ನು ಗೋಡೆಗುಂಟ ಜೋಡಿಸಿದರೆ 16 ಅಡಿ ಸಿಗುತ್ತದೆ, ಹಳಿ ತಪ್ಪಿದ ಬೋಗಿಗೆ ಕೈಯೂ ಎಟಕುತ್ತದೆ. ಒಂದು ತುದಿಯಲ್ಲಿ ಸುರಂಗದ ಬಾಯಿ, ಅದರ ಹಿಂದೆ ಗಾಡಿ ಅಡಗಲು ಜಾಗ. ನಡುವೆ ಮಿರ್ಜಾನ್‌ನಂಥ ಸಣ್ಣ ನಿಲ್ದಾಣ ಒಂದೇ. ಇನ್ನೊಂದು ತುದಿಯಲ್ಲಿ ಸೇತುವೆಯ ಎರಡು ಅಂಕಣ, ಅಲ್ಲಿಂದ ಮುಂದೆ ಮತ್ತೆ ಮರೆ. ಮೂರೇ ಬೋಗಿ ಓಡಿಸಿ. ಆಗ ಗಾಡಿ ಒಂದು ಮೀಟರ್ ಚಿಲ್ಲರೆ, ನಿಲ್ದಾಣದಲ್ಲಿ ಗಾಡಿ ಬದಿಗೆ ಸರಿದು ನಿಲ್ಲುವ ಲೂಪ್ ಲೈನಿನಲ್ಲಿ, ಹಳಿ ಬದಲಿಸುವ ಪಾಯಿಂಟ್ ಬಿಟ್ಟು 1.2 ಮೀಟರ್ ಇದ್ದರೆ ಸಾಕು. ನಮ್ಮ ಕರಾವಳಿಯದು ಒಂಟಿ ಹಳಿ. ಎದುರು ಗಾಡಿಗಾಗಿ ಕ್ರಾಸಿಂಗಿನಲ್ಲಿ ಕಾಯದ ಪ್ರಯಾಣಿಕ ಇಲ್ಲಿದ್ದಾನೆಯೇ? ಆ ಕ್ರಾಸಿಂಗನ್ನೇ ಆಡಿಸಿ. ಸುತ್ತು ಹೊಡೆಯುವ ಗಾಡಿ ವಾರದಲ್ಲಿ ಬೇಸರ ತರುತ್ತದೆ, ಇದು ತರುವುದಿಲ್ಲ.

ಕೊಠಡಿಯ ಮೂಲೆ ತಿರುಗಬೇಕಾದರೆ ಮೊದಲು ಮೊಳೆ, ದಾರ, ಸೀಮೆಸುಣ್ಣ ಹಿಡಿದು ನೆಲದ ಮೇಲೆ 80 ಸೆಂ.ಮೀ. ತ್ರಿಜ್ಯದ ಗೆರೆ ಎಳೆದು ನೋಡಿ. ಹಳಿ ಕೊಳ್ಳುವುದು ಆಮೇಲೆ.

ಪ್ರಶ್ನೆ: ಉಪ್ಪುಗಾಳಿಗೆ ಹಳಿ ಕೆಡದಂತೆ ಕೊಬ್ಬರಿ ಎಣ್ಣೆ ಸವರಬಹುದೇ? – ಕಾರವಾರ

ಉತ್ತರ: ಈ ಬುದ್ಧಿ ಯಾರು ಹೇಳಿಕೊಟ್ಟರೋ! ಎಣ್ಣೆಗೆ ಧೂಳು ಅಂಟುತ್ತದೆ, ಚಕ್ರ ಜಾರುತ್ತದೆ, ಕರೆಂಟ್ ತಡೆಯುತ್ತದೆ. ಸ್ಯಾಂಡ್‌ಪೇಪರೂ ಬೇಡ, ಗೀರಿನೊಳಗೆ ಕೊಳೆ ಕೂರುತ್ತದೆ. ನಿಕಲ್ ಸಿಲ್ವರ್ ಎಂಬ ಮಿಶ್ರಲೋಹದ ಹಳಿ ಹಾಕಿ, ಐಸೊಪ್ರೊಪೈಲ್ ಆಲ್ಕೋಹಾಲ್ ಬಟ್ಟೆಯಲ್ಲಿ ಒರೆಸಿ. ಕರೆಂಟ್ ಹರಿಯಲು ಹಳಿ ತುಂಡುಗಳನ್ನು ಕೂಡಿಸುವ ಜಾಯಿನರ್ ನಂಬಬೇಡಿ, ಪ್ರತಿ ತುಂಡು ಹಳಿಗೂ ಕೆಳಗಿನಿಂದ ತಂತಿ ಬೆಸೆಯಿರಿ.

ಪ್ರಶ್ನೆ: ನಮ್ಮ ಬ್ರಾಡ್‌ಗೇಜ್‌ಗೆ ಎಚ್‌ಓದಲ್ಲಿ ಎರಡು ಹಳಿಗಳ ನಡುವೆ 19.3 ಮಿ.ಮೀ. ಬರಬೇಕು, ಅಂಗಡಿಯ ಹಳಿ 16.5 ಇದೆಯಲ್ಲ? – ಅಂಕೋಲಾ

ಉತ್ತರ: ಲೆಕ್ಕ ಸರಿ. ಮೊದಲ ಸಲ ಹಳಿ ಹಾಕುವಾಗ ಆ ವ್ಯತ್ಯಾಸ ಮರೆತುಬಿಡಿ.

ಪ್ರಶ್ನೆ: ದುಡ್ಡು ಕಳಿಸಿದರೆ ಮೊಬೈಲಿಗೆ ಪ್ಲಾನ್ ಕಳಿಸುತ್ತಾರಂತೆ. ಹಂಚಿನ ಮನೆಯ ಅಟ್ಟದಲ್ಲಿ ಕಟ್ಟಬೇಕೆಂದಿದ್ದೇನೆ. – ಶಿರಸಿ

ಉತ್ತರ: ನಿಮ್ಮ ಬೋಗಿಯ ಉದ್ದ ಕೇಳದೆ ಪ್ಲಾನ್ ಮಾರುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅಟ್ಟ ಬೇಡವೇ ಬೇಡ: ಬೇಸಗೆಯಲ್ಲಿ ಹಳಿ ಹಿಗ್ಗಿ ಸೊಟ್ಟಗಾಗುತ್ತದೆ, ಮಳೆಗಾಲದಲ್ಲಿ ಮರ ಉಬ್ಬುತ್ತದೆ. ಕೆಳಗಿನ ಕೋಣೆಯಲ್ಲೇ ಕಟ್ಟಿ. ಅಲ್ಲೂ ಪ್ಲೈವುಡ್ಡಿನ ಎರಡು ಮುಖಕ್ಕೂ ನಾಲ್ಕು ಅಂಚಿಗೂ ವಾರ್ನಿಷ್ ಬಳಿಯಿರಿ. ಒಂದೇ ಮುಖಕ್ಕೆ ಬಳಿದರೆ ಹಲಗೆ ಬಾಗುತ್ತದೆ.