ಬಾಡಿಗೆ ಮೋಡದ ಮೇಲೆ ಕೂತಿದೆ

ಪ್ರಶ್ನೆ: ಕಾಪು ಬೀಚ್ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ವೆಬ್‌ಸೈಟ್ ತುಂಬ ಲೈಟ್‌ಹೌಸ್ ಫೋಟೊ, ಅದರ ಮೇಲೆ ಬಿಳಿ ಅಕ್ಷರದಲ್ಲಿ ಬಾಡಿಗೆ ವಿವರ. ಲ್ಯಾಪ್‌ಟಾಪ್‌ನಲ್ಲಿ ಚೆಂದ ಕಾಣುತ್ತದೆ. ಆದರೂ ಸೈಟ್ ನೋಡಿದವರೇ ಫೋನ್ ಮಾಡಿ ‘ರೇಟ್ ಎಷ್ಟು’ ಅಂತ ಕೇಳುತ್ತಾರೆ. ಫೋಟೊ ತೆಗೆಯಲು ಮನಸ್ಸಿಲ್ಲ.

ಉತ್ತರ: ತೆಗೆಯಬೇಡಿ, ಚೆಂದದ ಫೋಟೊ. ನಿಮ್ಮ ಸೈಟನ್ನು ನನ್ನ ಫೋನಿನಲ್ಲಿ ತೆರೆದು ನೋಡಿದೆ. ‘ಎಸಿ ಕೋಣೆ’ ಎಂಬುದು ಕಪ್ಪು ಬಂಡೆಯ ಮೇಲೆ ಬಿದ್ದು ಸ್ಪಷ್ಟವಾಗಿದೆ. ಬಾಡಿಗೆಯ ಮೊತ್ತ ಹೋಗಿ ಮೋಡದ ಮೇಲೆ ಕೂತಿದೆ! ಫೋನಿನಲ್ಲಿ ಅಗಲ ಕಡಿಮೆ, ಹಾಗಾಗಿ ಸಾಲುಗಳು ಜಾಗ ಬದಲಿಸುತ್ತವೆ. ಅಕ್ಷರದ ಹಿಂದೆ ಬಂಡೆ ಬರುತ್ತೋ ಆಕಾಶ ಬರುತ್ತೋ ನಿಮ್ಮ ಕೈಯಲ್ಲಿಲ್ಲ.

ಫೋಟೊ ಮತ್ತು ಅಕ್ಷರದ ನಡುವೆ, ಫೋಟೊ ಕಾಣುವಷ್ಟು ತೆಳುವಾದ ಕಪ್ಪು ಪರದೆಯೊಂದನ್ನು ಹಾಕಿಸಿ. 50 ಶೇಕಡಾ ಕಪ್ಪು ಸಾಲದು. ಹಿಂದೆ ಅಚ್ಚ ಬಿಳಿ ಮೋಡ ಬಂದರೆ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಹೊಳಪಿನ ಅಂತರ (ಕಾಂಟ್ರಾಸ್ಟ್) 4:1 ಕೂಡ ಮುಟ್ಟುವುದಿಲ್ಲ. 60 ಶೇಕಡಾ ಮಾಡಿದರೆ 5.7:1 ಸಿಗುತ್ತದೆ. ವೆಬ್‌ನ ನಿಯಮ ರೂಪಿಸುವ ಡಬ್ಲ್ಯು3ಸಿ 2008ರಲ್ಲೇ ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5:1, ದೊಡ್ಡ ಅಕ್ಷರಕ್ಕೆ 3:1 ಎಂದು ಹೇಳಿದೆ. ಬಿಳಿ ಮೇಲೆ ಕಪ್ಪು 21:1, ಅದಕ್ಕಿಂತ ಜಾಸ್ತಿ ಇಲ್ಲ. ನನ್ನನ್ನು ಕೇಳಿದರೆ, ಫೋಟೊ ಮೇಲುಗಡೆ ಇರಲಿ, ಬಾಡಿಗೆ ಕೆಳಗೆ ಬಿಳಿ ಜಾಗಕ್ಕೆ ಬರಲಿ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪುಟದ ಕೊನೆಗೆ ಬಿಳಿ ಮೇಲೆ ತಿಳಿ ಬೂದು ಬಣ್ಣದಲ್ಲಿ ‘ಬುಕಿಂಗ್ ರದ್ದು ಮಾಡಿದರೆ ಹಣ ವಾಪಸ್ಸಿಲ್ಲ’ ಎಂದಿದೆ. ವೆಬ್‌ನ ಬಣ್ಣದ ಸಂಕೇತದಲ್ಲಿ ಆ ಬೂದು #999999, ಸಿಗುವುದು ಬರೀ 2.8:1. ಕನ್ನಡದಲ್ಲಿ ಒತ್ತಕ್ಷರ ಮೊದಲೇ ಪುಟ್ಟದು. ಮಸುಕಾದರೆ ಮೊದಲು ಮಾಯವಾಗುವುದೇ ಅದು. ‘ರದ್ದು’ ಹೋಗಿ ‘ರದು’ ಆಗುತ್ತದೆ. ಜಗಳ ಬರುವುದು ಇಂಥ ಸಾಲಿನಿಂದಲೇ ಅಲ್ವಾ? #767676 ಹಾಕಿದರೆ ನಿಯಮಕ್ಕೆ ಸರಿಹೋಗುತ್ತದೆ. ಕನ್ನಡಕ್ಕೆ ನಾನಾದರೆ #333333 ಹಾಕುತ್ತೇನೆ. ನಿಮ್ಮ ಗಿರಾಕಿಗಳು ಮಲ್ಪೆಯಲ್ಲಿ ಸೇಂಟ್ ಮೇರಿಸ್ ದ್ವೀಪದ ಬೋಟಿಗೆ ಕಾಯುತ್ತಾ, ಬಿಸಿಲಲ್ಲಿ ನಿಂತು ಕೋಣೆ ಹುಡುಕುವವರು.

ಪ್ರಶ್ನೆ: ನಮ್ಮ ಯಕ್ಷಗಾನ ಸಂಘದ ಸೈಟಿಗೆ ಕೇಸರಿ ಪಟ್ಟಿಯಲ್ಲಿ ಬಿಳಿ ಅಕ್ಷರ ಬೇಕೆಂದು ಸಮಿತಿಯವರ ಹಟ. ಆಗಬಹುದಾ? (ಸುರತ್ಕಲ್)

ಉತ್ತರ: ವೆಬ್‌ನಲ್ಲಿ ಸಾಮಾನ್ಯವಾಗಿ ಬಳಸುವ ಕೇಸರಿಯ ಮೇಲೆ ಬಿಳಿ ಹಾಕಿದರೆ ಸಿಗುವುದು ಸುಮಾರು 2:1. ದೊಡ್ಡ ಅಕ್ಷರಕ್ಕೂ ಸಾಲದು. ಅದೇ ಕೇಸರಿಯ ಮೇಲೆ ಕಪ್ಪು ಹಾಕಿ, 10ರ ಹತ್ತಿರ ಹೋಗುತ್ತದೆ. ಸಮಿತಿಗೆ ಬಿಳಿಯೇ ಬೇಕಾದರೆ ಪಟ್ಟಿಯನ್ನು ಗಾಢ ಕೆಂಪು #990000 ಮಾಡಿ, ಸುಮಾರು 9:1. ವಾದ ನಿಲ್ಲದಿದ್ದರೆ ಕ್ರೋಮ್‌ನಲ್ಲಿ ಅಕ್ಷರದ ಮೇಲೆ ರೈಟ್ ಕ್ಲಿಕ್ ಮಾಡಿ ‘ಇನ್‌ಸ್ಪೆಕ್ಟ್’ ಒತ್ತಿ, ಅಕ್ಷರದ ಬಣ್ಣದ ಪಕ್ಕದ ಪುಟ್ಟ ಚೌಕವನ್ನು ಒತ್ತಿ. ಅಂಕಿ ಅಲ್ಲೇ ಬರುತ್ತದೆ, ಅಧ್ಯಕ್ಷರಿಗೇ ತೋರಿಸಿ.