ಓಟು ನಿಮಗೂ ಇದೆ, ದೂರ ಇರಬೇಡಿ

ಎಡಿನ್‌ಬರಾಕ್ಕೆ ಬಂದು ಮೂರು ತಿಂಗಳಾಗಿದೆ, ಬಾಗಿಲ ಸಂದಿಯಿಂದ ದಿನಾ ಚುನಾವಣೆ ಕರಪತ್ರ ಬೀಳುತ್ತಿವೆ, ಈ ಸ್ಕಾಟ್ಲೆಂಡಿನವರು ಬ್ರಿಟನ್ ಬಿಟ್ಟು ಬೇರೆಯಾದರೆ ನಮ್ಮ ವೀಸಾ ಗತಿ ಏನು, ಇವರ ಜಗಳದಿಂದ ಸುಮ್ನೆ ದೂರ ಇರೋದು ಒಳ್ಳೇದಲ್ವಾ ಅಂತ ಕೇಳಿದ್ದೀರಿ. ನಾನು ಬಂದು ಹದಿನಾಲ್ಕು ವರ್ಷ. ಹೊಸದರಲ್ಲಿ ನನಗೂ ಇದೇ ಹೆದರಿಕೆ ಇತ್ತು.

ವೀಸಾ ಲಂಡನ್ ಕೈಯಲ್ಲಿದೆ, ಹೋಲಿರೂಡ್ ಅನ್ನುವ ಇಲ್ಲಿನ ಸ್ಕಾಟ್ಲೆಂಡ್ ಪಾರ್ಲಿಮೆಂಟ್ ಕೈಯಲ್ಲಲ್ಲ. 2026ರ ಮೇ 7ರ ಹೋಲಿರೂಡ್ ಚುನಾವಣೆಯಲ್ಲಿ ಯಾರೇ ಗೆಲ್ಲಲಿ, ಮರುದಿನ ನಿಮ್ಮ ವೀಸಾ ಹಾಗೇ ಇರುತ್ತದೆ. ಅದನ್ನು ತಲೆಯಿಂದ ತೆಗೆದುಬಿಡಿ.

ಆದರೆ ದೂರ ಇರುವ ಮಾತು ನಾನು ಒಪ್ಪಲ್ಲ. ನಿಮ್ಮ ಪೇಸ್ಲಿಪ್ ತೆಗೆದು ನೋಡಿ, ಟ್ಯಾಕ್ಸ್ ಕೋಡ್ 'ಎಸ್' ಅಕ್ಷರದಿಂದ ಶುರುವಾಗುತ್ತದೆ. ಅಂದರೆ ನಿಮ್ಮ ಸಂಬಳದ ತೆರಿಗೆ ದರ ಹೋಲಿರೂಡ್‌ನಲ್ಲಿ ತೀರ್ಮಾನವಾಗುತ್ತದೆ. ವರ್ಷಕ್ಕೆ ಸುಮಾರು 43,660 ಪೌಂಡ್ ದಾಟಿದರೆ ಅದರ ಮೇಲಿನ ದುಡ್ಡಿಗೆ ಇಲ್ಲಿ 42%, ಮ್ಯಾಂಚೆಸ್ಟರ್‌ನಲ್ಲಿರುವವರಿಗೆ 50,270 ದಾಟುವವರೆಗೂ 20% ಅಷ್ಟೇ. ಅದಕ್ಕೆ ಬದಲಾಗಿ ಡಾಕ್ಟರ್ ಬರೆದುಕೊಟ್ಟ ಔಷಧಿ ಇಲ್ಲಿ ಪುಕ್ಕಟೆ. ಲಾಭವೋ ನಷ್ಟವೋ, ನಿಮ್ಮ ಜೇಬಿನ ವಿಷಯ ತಾನೇ?

ಮತ್ತೆ, ನಿಮಗೆ ಓಟಿದೆ! ಭಾರತದ ಪಾಸ್‌ಪೋರ್ಟ್ ಇದ್ದರೂ ಕಾನೂನುಬದ್ಧವಾಗಿ ವಾಸ ಇದ್ದರೆ ಸಾಕು. ಡಿಪೆಂಡೆಂಟ್ ವೀಸಾದಲ್ಲಿರುವ ನಿಮ್ಮ ಹೆಂಡತಿಗೂ ಇದೆ. ಇಲ್ಲಿ 16 ತುಂಬಿದವರೆಲ್ಲ ಹಾಕಬಹುದು. 2014ರ ಸೆಪ್ಟೆಂಬರ್ 18ರಂದು ಸ್ವಾತಂತ್ರ್ಯ ಬೇಕೋ ಬೇಡವೋ ಅಂತ ಜನಮತ ಕೇಳಿದಾಗ ನಾನು ಬಂದು ಬರೀ ಎರಡು ವರ್ಷ, ಆದರೂ ಹಾಕಿದೆ. ಯಾವ ಕಡೆಗೆ ಅಂತ ಕೇಳಬೇಡಿ, ಮನೆಯವಳಿಗೂ ಹೇಳಿಲ್ಲ. ಬೇಡ ಅಂದವರು 55%, ಒಟ್ಟು ಮತದಾರರಲ್ಲಿ ಓಟು ಹಾಕಿದವರು 84.6%. ಪಕ್ಕದ ಮನೆಯ ಪೋಲೆಂಡಿನವರು ಅವತ್ತು ನನ್ನ ಜೊತೆಗೇ ಬಂದಿದ್ದರು. ಎರಡು ವರ್ಷಕ್ಕೆ ಬ್ರೆಕ್ಸಿಟ್, ಅಂದರೆ ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಡಬೇಕಾ ಅನ್ನುವ ಜನಮತ ಬಂತು, ಕಾಮನ್‌ವೆಲ್ತ್ ದೇಶದವನು ಅಂತ ನನಗೆ ಓಟಿತ್ತು, ಅವರಿಗಿರಲಿಲ್ಲ. ಅವರ ಬದುಕಿನದೇ ಪ್ರಶ್ನೆ, ಓಟು ಮಾತ್ರ ನನಗೆ. ಆವತ್ತು ಅವರ ಮುಖ ನೋಡೋಕಾಗಲಿಲ್ಲ. ಸ್ಕಾಟ್ಲೆಂಡ್ 62% ಯುರೋಪಿನಲ್ಲೇ ಇರೋಣ ಅಂದಿತ್ತು, ಆದರೂ ಬ್ರಿಟನ್ ಜೊತೆ ಹೊರಗೆ ಹೋಗಬೇಕಾಯಿತು. 2014ಕ್ಕೆ ಮುಗಿಯಿತು ಅಂದುಕೊಂಡಿದ್ದ ಸ್ವಾತಂತ್ರ್ಯದ ಮಾತು ಮತ್ತೆ ಎದ್ದಿದ್ದು ಅದಕ್ಕೇ.

ಈ ಸಲದ ಲೆಕ್ಕ ಇಷ್ಟೇ. ಒಟ್ಟು 129 ಸೀಟು, ಬಹುಮತಕ್ಕೆ 65. 2011ರಲ್ಲಿ ಸ್ವಾತಂತ್ರ್ಯ ಬೇಕು ಅನ್ನುವ ಪಕ್ಷ ಎಸ್‌ಎನ್‌ಪಿಗೆ 69 ಬಂದಿತ್ತು, ಅದರ ಬಲದ ಮೇಲೇ 2014ರ ಜನಮತ ನಡೆದಿದ್ದು. 2021ರಲ್ಲಿ 64, ಒಂದೇ ಒಂದು ಕಡಿಮೆ. ಈಗ ಆ ಪಕ್ಷದ ನಾಯಕ ಜಾನ್ ಸ್ವಿನ್ನಿ ನಮಗೆ ಬಹುಮತ ಕೊಡಿ, ಮತ್ತೆ ಜನಮತ ಕೇಳುತ್ತೇವೆ ಅನ್ನುತ್ತಿದ್ದಾರೆ. ಆದರೆ ಲಂಡನ್ ಒಪ್ಪದೆ ಹೋಲಿರೂಡ್ ತಾನೇ ಅಂಥ ಕಾನೂನು ಮಾಡುವಂತಿಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಗೆದ್ದರೂ ದಾರಿ ಉದ್ದ ಇದೆ.

ನಿಮ್ಮ ಕೈಗೆ ಎರಡು ಬ್ಯಾಲೆಟ್ ಕೊಡುತ್ತಾರೆ, ಗಾಬರಿಯಾಗಬೇಡಿ. ಒಂದು ನಿಮ್ಮ ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಆ ಪ್ರಾಂತ್ಯದ ಪಕ್ಷಗಳ ಪಟ್ಟಿಗೆ. ಎರಡೂ ಒಂದೇ ಪಕ್ಷಕ್ಕೆ ಹಾಕಬೇಕು ಅಂತೇನಿಲ್ಲ. ಆನ್‌ಲೈನ್‌ನಲ್ಲಿ ಹೆಸರು ಸೇರಿಸೋಕೆ ಐದು ನಿಮಿಷ ಸಾಕು, ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಹತ್ತಿರ ಇಟ್ಟುಕೊಳ್ಳಿ, ಏಪ್ರಿಲ್ ಶುರುವಿನೊಳಗೇ ಮುಗಿಸಿ.

ಆಫೀಸಿನಲ್ಲಿ ಯಾರ ಪರ ಅಂತ ಕೇಳಬೇಡಿ. ಅದಕ್ಕಿಂತ ಮುಖ್ಯ, ಇದನ್ನು ಇಂಗ್ಲೆಂಡ್ ಅನ್ನಬೇಡಿ. ಮೊದಲ ವಾರವೇ 'ಹಿಯರ್ ಇನ್ ಇಂಗ್ಲೆಂಡ್' ಅಂದುಬಿಟ್ಟೆ, ಊಟದ ಟೇಬಲ್ಲೇ ಸ್ತಬ್ಧ!

ಗುರುವಾರ ಓಟು, ರಜೆ ಇಲ್ಲ. ಬೆಳಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಹಾಕಬಹುದು. ಹೋಲಿರೂಡ್ ಚುನಾವಣೆಗೆ ಫೋಟೋ ಐಡಿನೂ ಬೇಡ. ನಮ್ಮ ಮೈಸೂರಿನ ಶಾಯಿ ಇಲ್ಲಿಲ್ಲ. ಮೊದಲ ಸಲ ಓಟು ಹಾಕಿ ಊರಿಗೆ ವಿಡಿಯೋ ಕಾಲ್ ಮಾಡಿದರೆ ಅಮ್ಮ ಬೆರಳು ತೋರಿಸು ಅಂದರು. ತೋರಿಸಿದೆ. ಗುರುತೇ ಇಲ್ವಲ್ಲೋ, ನಿಜವಾಗ್ಲೂ ಹಾಕಿದ್ಯಾ ಅಂತ ಈಗಲೂ ಕೇಳುತ್ತಾರೆ.