32ರ ಟೈರಿಗೆ 25ರ ಟ್ಯೂಬು ಸಾಕಾಗುತ್ತದೆಯೇ?

ಸೈಕಲ್ ಸಂದೇಹ – ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ರೋಡ್ ಬೈಕಿನ 25 ಮಿ.ಮೀ. ಟೈರ್ ತೆಗೆದು 32ರದ್ದು ಹಾಕಿಸಿದೆ. ಟ್ಯೂಬು ಹಳೆಯದೇ, ಡಬ್ಬಿಯ ಮೇಲೆ 700x18-25 ಎಂದಿತ್ತು. ಸಲೀಸಾಗಿ ಕೂತಿತು, ಗಾಳಿಯೂ ನಿಂತಿತು. ಆದರೆ ಬೇಲೂರು ರಸ್ತೆಯಲ್ಲಿ ಎರಡು ತಿಂಗಳಿಗೆ ಮೂರು ಪಂಚರ್. ಟೈರೇ ಸರಿಯಿಲ್ಲವೇ?
– ಚಿಕ್ಕಮಗಳೂರಿನ ಓದುಗರು

ಉತ್ತರ: ಟೈರನ್ನು ದೂರಬೇಡಿ, ಮೊದಲು ಟ್ಯೂಬು ಬದಲಿಸಿ. ಚಿಕ್ಕ ಟ್ಯೂಬು ದೊಡ್ಡ ಟೈರಿನೊಳಗೆ ಕೂರುತ್ತದೆ ನಿಜ, ರಬ್ಬರು ಹಿಗ್ಗುತ್ತದಲ್ಲ! ತೊಂದರೆ ಇರುವುದೇ ಆ ಹಿಗ್ಗುವುದರಲ್ಲಿ. 25ಕ್ಕಿಂತ 32ರ ಅಡ್ಡಸುತ್ತಳತೆ ಶೇ. 28ರಷ್ಟು ಹೆಚ್ಚು. ಅಷ್ಟು ಜಾಗ ತುಂಬಲು ಇರುವ ರಬ್ಬರೇ ಹರಡಿಕೊಳ್ಳಬೇಕು. ಒಂದು ಮಿ.ಮೀ. ದಪ್ಪವಿದ್ದ ಗೋಡೆ ಮುಕ್ಕಾಲು ಮಿ.ಮೀ. ಚಿಲ್ಲರೆಗೆ ಇಳಿಯುತ್ತದೆ. ಲಾರಿ ಟೈರು ಸವೆದು ರಸ್ತೆಗೆ ಉದುರಿಸುವ ಕೂದಲೆಳೆಯಂಥ ತಂತಿಚೂರುಗಳಿಗೆ ಅಷ್ಟು ತೆಳುವಾದ ಗೋಡೆ ತಡೆಯೇ ಅಲ್ಲ. ಗಾಳಿಯೂ ಬೇಗ ಇಳಿಯುತ್ತದೆ. ವಾಲ್ವಿನ ಬುಡದಲ್ಲಿ ರಬ್ಬರು ದಪ್ಪ, ಪಕ್ಕದಲ್ಲಿ ತೆಳು. ಎಳೆತವೆಲ್ಲ ಆ ಅಂಚಿಗೆ ಬಿದ್ದು ಅಲ್ಲೇ ಸೀಳುತ್ತದೆ. ಆ ಸೀಳಿಗೆ ಪ್ಯಾಚು ನಿಲ್ಲುವುದಿಲ್ಲ.

ನಿಮಗೆ ಬೇಕಾದದ್ದು 700x28-32 ಅಥವಾ 700x28-35 ಎಂದು ಬರೆದ ಟ್ಯೂಬು. ಟೈರಿನ ಪಕ್ಕೆಯ ಮೇಲೆ 32-622 ಎಂಬ ಅಂಕಿ ಹುಡುಕಿ. 32 ಅಗಲ, 622 ರಿಮ್ಮಿನಲ್ಲಿ ಟೈರ್ ಕೂರುವ ಜಾಗದ ವ್ಯಾಸ. ಟ್ಯೂಬಿನ ಮೇಲಿನ ಎರಡು ಅಂಕಿಗಳ ನಡುವೆ ನಿಮ್ಮ ಅಗಲ ಬಂದರೆ ಸಾಕು. ಎರಡು ಅಳತೆಯ ಟ್ಯೂಬುಗಳಿಗೂ ಹೊಂದುತ್ತಿದ್ದರೆ ಮಲೆನಾಡಿನ ರಸ್ತೆಗೆ ನಾವು ದೊಡ್ಡದನ್ನೇ ಹೇಳುತ್ತೇವೆ. 30–40 ಗ್ರಾಂ ಭಾರ ಹೆಚ್ಚಾಗಬಹುದು, ಗೋಡೆ ದಪ್ಪಗಿರುತ್ತದೆ. ಹಾಗಂತ 35-47ರ ಟ್ಯೂಬನ್ನು 32ಕ್ಕೆ ತುರುಕಬೇಡಿ. ಒಳಗೆ ಸುಕ್ಕುಗಟ್ಟುತ್ತದೆ, ಮಡಿಕೆ ಬಿದ್ದ ಗೆರೆಯಲ್ಲೇ ಕೆಲವು ವಾರಗಳಲ್ಲಿ ಸೀಳುತ್ತದೆ.

ಹಳೆಯ ಟ್ಯೂಬನ್ನು ಎಸೆಯುವ ಮುಂಚೆ ತೂತು ಎಲ್ಲಿದೆ ನೋಡಿ. ಅದನ್ನು ನೋಡದೆ ಹೊಸದು ಹಾಕಿದರೆ ಅದಕ್ಕೂ ಅದೇ ಗತಿ. ರಸ್ತೆಯ ಕಡೆ ಒಂದೇ ಸಣ್ಣ ತೂತಿದ್ದರೆ ಮುಳ್ಳೋ ತಂತಿಯೋ ಇನ್ನೂ ಟೈರಿನೊಳಗೆ ಚುಚ್ಚಿಕೊಂಡಿರಬಹುದು. ಒಳಗೆ ಬೆರಳಿನ ಬದಲು ಹತ್ತಿಯುಂಡೆ ಸವರಿ, ಎಳೆ ಸಿಕ್ಕಿಕೊಂಡ ಕಡೆ ತಂತಿ ಇರುತ್ತದೆ. ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ಸೀಳಿದ್ದರೆ ಗಾಳಿ ಕಮ್ಮಿಯಿದ್ದು ಗುಂಡಿಯಲ್ಲಿ ರಿಮ್ಮು ಟ್ಯೂಬನ್ನು ಜಜ್ಜಿದೆ. ತೂತು ರಿಮ್ಮಿನ ಕಡೆಗಿದ್ದರೆ ಕಡ್ಡಿಯ ತೂತುಗಳನ್ನು ಮುಚ್ಚುವ ಪಟ್ಟಿ, ಅಂದರೆ ರಿಮ್ ಟೇಪ್, ಸರಿದು ಕಡ್ಡಿಯ ತೂತು ಬಾಯಿಬಿಟ್ಟಿದೆ. ಟೈರಿನ ಹೆಸರಿರುವ ಜಾಗವನ್ನು ವಾಲ್ವಿನ ನೇರಕ್ಕೇ ಕೂರಿಸುವ ಅಭ್ಯಾಸ ಮಾಡಿಕೊಂಡರೆ, ಟ್ಯೂಬಿನ ತೂತಿಗೆ ಸರಿಯಾಗಿ ಟೈರಿನಲ್ಲಿ ಹುಡುಕಬೇಕಾದ ಜಾಗ ತಾನೇ ಗೊತ್ತಾಗುತ್ತದೆ.

ಕೂರಿಸುವಾಗ: ಟ್ಯೂಬು ದುಂಡಗಾಗುವಷ್ಟು ಮಾತ್ರ ಗಾಳಿ ಊದಿ, ಮೊದಲು ವಾಲ್ವ್ ತೂರಿಸಿ. ಟೈರಿನ ಅಂಚನ್ನು ವಾಲ್ವಿನ ಎದುರು ಬದಿಯಿಂದ ಒಳಗೆ ತಳ್ಳುತ್ತಾ ಬಂದು ವಾಲ್ವಿನ ಹತ್ತಿರ ಮುಗಿಸಿ. ಕೊನೆಯ ಒಂದು ಗೇಣು ಬಿಗಿ ಎನಿಸಿದರೆ ಲಿವರ್ ಹಾಕದೆ ಗಾಳಿ ಬಿಡಿ, ಎದುರು ಬದಿಯ ಅಂಚನ್ನು ಹಿಚುಕಿ ರಿಮ್ಮಿನ ನಡುಗುಳಿಗೆ ಇಳಿಸಿ. ಮುಗಿದ ಮೇಲೆ ವಾಲ್ವನ್ನು ಒಮ್ಮೆ ಟೈರಿನೊಳಕ್ಕೆ ತಳ್ಳಿ ಎಳೆಯಿರಿ, ಬುಡದಲ್ಲಿ ಟ್ಯೂಬು ಅಂಚಿನಡಿ ಸಿಕ್ಕಿಕೊಂಡಿದ್ದರೆ ಬಿಡಿಸಿಕೊಳ್ಳುತ್ತದೆ. ಎರಡೂ ಬದಿ ಸುತ್ತ ಇಣುಕಿ, 20 ಪಿಎಸ್ಐ ತುಂಬಿ ಮತ್ತೆ ಇಣುಕಿ, ಆಮೇಲೆ ಪೂರ್ತಿ ತುಂಬಿ. ಸುಮಾರು 70 ಕೆ.ಜಿ. ತೂಕದವರಿಗೆ 32ರ ಟೈರಿನಲ್ಲಿ ಮುಂದೆ 50–55, ಹಿಂದೆ 55–60 ಪಿಎಸ್ಐ ಹಿಡಿಸುತ್ತದೆ. 25ಕ್ಕೆ ತುಂಬುತ್ತಿದ್ದಂತೆ 90–100 ತುಂಬಿದರೆ ಅಗಲದ ಟೈರ್ ಹಾಕಿಸಿದ್ದೇ ದಂಡ.

ಪ್ರಶ್ನೆ: ನನ್ನ ಹೈಬ್ರಿಡ್ ಸೈಕಲ್ಲಿನ ರಿಮ್ಮಿನಲ್ಲಿ ಸ್ಕೂಟರಿನಂಥ ದಪ್ಪ ವಾಲ್ವಿತ್ತು. ಅಂಗಡಿಯಲ್ಲಿ 32ರ ಟ್ಯೂಬು ತೆಳ್ಳನೆಯ ವಾಲ್ವಿನದು ಮಾತ್ರ ಸಿಕ್ಕಿತು. ಹಾಕಬಹುದೇ? ಉದ್ದ ಎಷ್ಟಿರಬೇಕು?
– ಹಾಸನದ ಓದುಗರು

ಉತ್ತರ: ದಪ್ಪನೆಯದು ಶ್ರೇಡರ್, ಅದಕ್ಕೆ ರಿಮ್ಮಿನ ತೂತು ಸುಮಾರು 8.5 ಮಿ.ಮೀ. ತೆಳ್ಳನೆಯದು ಪ್ರೆಸ್ಟಾ, ತೂತು ಸುಮಾರು 6.5 ಮಿ.ಮೀ. ಹಾಗೇ ಹಾಕಿದರೆ ವಾಲ್ವಿನ ಸುತ್ತ ಒಂದು ಮಿ.ಮೀ. ಸಂದು ಉಳಿಯುತ್ತದೆ. ಗಾಳಿಯ ಒತ್ತಡಕ್ಕೆ ಟ್ಯೂಬು ಆ ಸಂದಿಗೆ ಗುಳ್ಳೆಯಂತೆ ಉಬ್ಬಿ, ತೂತಿನ ಅಂಚಿಗೆ ಉಜ್ಜಿ ಹರಿಯುತ್ತದೆ. ಇದಕ್ಕೆಂದೇ ಸಣ್ಣ ರಬ್ಬರ್ ಅಥವಾ ಲೋಹದ ಬಳೆ ಸಿಗುತ್ತದೆ, ಅದನ್ನು ತೂತಿಗೆ ಕೂರಿಸಿ ಧಾರಾಳವಾಗಿ ಬಳಸಿ. ತಿರುಗುಮುರುಗಾಗಿದ್ದರೆ, ಅಂದರೆ ರಿಮ್ಮಿನ ತೂತು ಸಣ್ಣದು, ಟ್ಯೂಬಿನ ವಾಲ್ವ್ ದಪ್ಪ ಎಂದಾದರೆ, ತೂತು ಕೊರೆಸಲು ಹೋಗಬೇಡಿ. ಅಗಲ ಕಮ್ಮಿಯಿರುವ ರಿಮ್ಮು ಅಲ್ಲೇ ಸೋಲುತ್ತದೆ.

ಉದ್ದಕ್ಕೆ ರಿಮ್ಮಿನ ಆಳವನ್ನು ಅಳೆದು 15–20 ಮಿ.ಮೀ. ಸೇರಿಸಿ. 25 ಮಿ.ಮೀ. ಆಳದ ಸಾದಾ ರಿಮ್ಮಿಗೆ 42 ಅಥವಾ 48ರ ವಾಲ್ವ್ ಸಾಕು.

ಪ್ರಶ್ನೆ: ಹಗುರವೆಂದು ಟಿಪಿಯು (ಥರ್ಮೋಪ್ಲಾಸ್ಟಿಕ್ ಪಾಲಿಯುರಿಥೇನ್) ಟ್ಯೂಬು ಕೊಳ್ಳುವ ಆಸೆ. ಮುಳ್ಳಯ್ಯನಗಿರಿ ಹತ್ತಿ ಇಳಿಯುತ್ತೇನೆ, ಬ್ರೇಕು ರಿಮ್ಮಿನದು.
– ಚಿಕ್ಕಮಗಳೂರಿನ ಇನ್ನೊಬ್ಬರು

ಉತ್ತರ: ಹತ್ತುವಾಗ ಸುಖ, ಇಳಿಯುವಾಗ ಅನುಮಾನ. ಬ್ಯುಟೈಲ್ ರಬ್ಬರಿನ ಟ್ಯೂಬು 100–150 ಗ್ರಾಂ ತೂಗಿದರೆ ಟಿಪಿಯು 30–40 ಗ್ರಾಂ ಆಸುಪಾಸು. ಆದರೆ ಅದು ಪ್ಲಾಸ್ಟಿಕ್, ಶಾಖಕ್ಕೆ ಮೆದುವಾಗುತ್ತದೆ. ಕೈಮರದವರೆಗಿನ ಕಡಿದಾದ ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಬಂದರೆ ರಿಮ್ಮು ಮುಟ್ಟಲಾಗದಷ್ಟು ಕಾಯುತ್ತದೆ. ಡಬ್ಬಿಯ ಮೇಲೆ ರಿಮ್ ಬ್ರೇಕಿಗೆ ಹೊಂದುತ್ತದೆ ಎಂದು ಬರೆದಿಲ್ಲದಿದ್ದರೆ ಕೊಳ್ಳಲೇಬೇಡಿ. ಡಿಸ್ಕ್ ಬ್ರೇಕಾದರೆ ಈ ಚಿಂತೆ ಇಲ್ಲ.

ಇನ್ನೂ ಎರಡು ಮಾತು. ಟಿಪಿಯು ಒಮ್ಮೆ ಹಿಗ್ಗಿದರೆ ಹಿಂದಕ್ಕೆ ಕುಗ್ಗುವುದಿಲ್ಲ, 32ರಲ್ಲಿ ಬಳಸಿದ್ದನ್ನು 25ಕ್ಕೆ ಹಾಕಲಾಗದು. ಪಂಚರ್ ಅಂಗಡಿಯ ಸಲ್ಯೂಶನ್ ಅದಕ್ಕೆ ಹಿಡಿಯುವುದಿಲ್ಲ, ಬಿಸಿ ಪ್ಯಾಚು ಒತ್ತಿದರೆ ಕರಗಿಯೇ ಹೋಗುತ್ತದೆ. ಅದರದೇ ಪ್ಯಾಚು ಜೇಬಿನಲ್ಲಿರಲಿ. ನಿಮಗೆ ನಮ್ಮ ಸಲಹೆ: ಓಡಿಸಲು ಬ್ಯುಟೈಲ್, ಸೀಟಿನಡಿಯ ಚೀಲದಲ್ಲಿ ಬದಲಿಗೆ ಒಂದು ಟಿಪಿಯು. ಬೆಂಕಿಪೊಟ್ಟಣದಷ್ಟೇ ಜಾಗ ಸಾಕು.

ಪ್ರಶ್ನೆ: ಊರಿಂದ ದೂರ ಪಂಚರ್ ಆಗಿ, 29 ಇಂಚಿನ ಗುಡ್ಡಗಾಡು ಸೈಕಲ್ಲಿನ ಟ್ಯೂಬು ಮಾತ್ರ ಸಿಕ್ಕರೆ?
– ಸಕಲೇಶಪುರದ ಓದುಗರು

ಉತ್ತರ: 29 ಇಂಚು, 700ಸಿ (ರೋಡ್ ಬೈಕ್ ಟ್ಯೂಬಿನ ಮೇಲಿನ 700) ಎರಡೂ 622ರ ವ್ಯಾಸವೇ, ಸುತ್ತಳತೆ ಹೊಂದುತ್ತದೆ. ಅಗಲ ಮಾತ್ರ 32ಕ್ಕೆ ಅತಿಯಾಯಿತು. ಅಂಥ ಇಕ್ಕಟ್ಟಿನಲ್ಲಿ 18-25ರದ್ದು ಸಿಕ್ಕರೆ ಅದೇ ವಾಸಿ, ಮನೆ ಮುಟ್ಟಿಸುತ್ತದೆ. ಮುಟ್ಟಿದ ದಿನವೇ ತೆಗೆದುಬಿಡಿ. ಹಳ್ಳಿ ಅಂಗಡಿಯ 28x1½ ಕರಿಸೈಕಲ್ ಟ್ಯೂಬು 635ರ ವ್ಯಾಸದ್ದು, ವಾಲ್ವೂ ದಪ್ಪ. ಪ್ರೆಸ್ಟಾ ತೂತಿರುವ ರಿಮ್ಮಿಗೆ ಅದು ತೂರುವುದೇ ಇಲ್ಲ.